ಅಚ್ಚು ಮ್ಯಾಡ್ರಿಡ್‌ನಲ್ಲಿ, ಓದುಗರು ಮನಿಲಾದಲ್ಲಿ: ಪ್ಲಾರಿಡೆಲ್ ಎದುರಿಸಿದ ತೊಡಕು

ಫಿಲಿಪೀನ್ಸ್‌ನಲ್ಲಿ ಆಗಸ್ಟ್ 30 ರಾಷ್ಟ್ರೀಯ ಪತ್ರಿಕಾ ಸ್ವಾತಂತ್ರ್ಯ ದಿನ. ಈ ಆಚರಣೆ ಹಳೆಯದೇನಲ್ಲ. 2022ರ ಏಪ್ರಿಲ್‌ನಲ್ಲಿ ಅಂದಿನ ಅಧ್ಯಕ್ಷ ರೊಡ್ರಿಗೊ ಡುಟರ್ಟೆ ಸಹಿ ಹಾಕಿದ ಗಣರಾಜ್ಯ ಕಾಯ್ದೆ 11699ರ ಮೂಲಕ ಅದು ಜಾರಿಗೆ ಬಂದಿತು. ಫಿಲಿಪೀನ್ಸ್ ಪತ್ರಿಕೋದ್ಯಮದ ಪಿತಾಮಹನೆಂದು ಹೆಸರಾದ ಮಾರ್ಸೆಲೊ ಎಚ್. ಡೆಲ್ ಪಿಲಾರ್ ಅವರು ಹುಟ್ಟಿದ ದಿನವನ್ನೇ ಇದಕ್ಕೆ ಆರಿಸಲಾಯಿತು. ಇದೇ ಡುಟರ್ಟೆ ಆಡಳಿತದಲ್ಲಿ, 2020ರ ಮೇ 5ರಂದು, ದೇಶದ ಅತಿ ದೊಡ್ಡ ಪ್ರಸಾರ ಸಂಸ್ಥೆಯಾದ ಎಬಿಎಸ್-ಸಿಬಿಎನ್ ಪರವಾನಗಿ ನವೀಕರಣವಾಗದೆ ಪ್ರಸಾರ ನಿಲ್ಲಿಸಿತ್ತು. ಮುಂದಿನ ತಿಂಗಳೇ, ಜೂನ್ 15ರಂದು, ರಾಪ್ಲರ್ ಸುದ್ದಿತಾಣದ ಮುಖ್ಯಸ್ಥೆ ಮರಿಯಾ ರೆಸ್ಸಾ ಅವರು ಸೈಬರ್ ಮಾನಹಾನಿ ಪ್ರಕರಣದಲ್ಲಿ ತಪ್ಪಿತಸ್ಥರೆಂದು ಮನಿಲಾದ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ಪತ್ರಿಕೆಗಳೊಂದಿಗೆ ಸದಾ ಜಗಳವಾಡಿದ ಸರ್ಕಾರವೇ ಪತ್ರಿಕಾ ಸ್ವಾತಂತ್ರ್ಯಕ್ಕೊಂದು ದಿನವನ್ನು ಮೀಸಲಿಟ್ಟದ್ದನ್ನು ವ್ಯಂಗ್ಯವೆಂದು ಕರೆದು ಮುಂದೆ ಹೋಗಬಹುದು. ಆದರೆ ಆ ದಿನಕ್ಕೆ ಕಾರಣನಾದ ಮನುಷ್ಯನ ಬದುಕನ್ನು ನೋಡಿದರೆ ವಿಷಯ ಅಷ್ಟು ಸರಳವಾಗಿ ಮುಗಿಯುವುದಿಲ್ಲ.

ಡೆಲ್ ಪಿಲಾರ್ ಅವರನ್ನು ಸಾಮಾನ್ಯವಾಗಿ ನಿರ್ಭೀತ ಲೇಖನಿಯ ಪ್ರತಿಮೆಯಾಗಿ ನಿಲ್ಲಿಸಲಾಗುತ್ತದೆ. ಧೈರ್ಯ ಅವರಿಗೆ ಖಂಡಿತ ಇತ್ತು, ಆದರೆ ಅವರ ಕಾಲದಲ್ಲಿ ಧೈರ್ಯವಂತರಿಗೆ ಕೊರತೆಯಿರಲಿಲ್ಲ. ಅವರನ್ನು ಸೋಲಿಸಿದ್ದು ಮುಖ್ಯವಾಗಿ ಒಂದು ಭೌಗೋಳಿಕ ತೊಡಕು ಎಂಬುದು ನನ್ನ ಅಭಿಪ್ರಾಯ. ಕಾನೂನು ಬರೆಯಲು ಬಿಡುತ್ತಿದ್ದ ಊರಿನಲ್ಲಿ ಅವರ ಓದುಗರಿರಲಿಲ್ಲ. ಓದುಗರಿದ್ದ ಊರಿನಲ್ಲಿ ಕಾನೂನು ಬರೆಯಲು ಬಿಡುತ್ತಿರಲಿಲ್ಲ. ಈ ಎರಡು ಊರುಗಳ ನಡುವೆ ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ಏಳು ವರ್ಷ ಅವರು ಆ ದೂರವನ್ನು ಒಂದು ಪಾಕ್ಷಿಕ ಪತ್ರಿಕೆಯಿಂದ ತುಂಬಲು ಯತ್ನಿಸಿದರು.

ಅವರು ಹುಟ್ಟಿದ್ದು 1850ರಲ್ಲಿ, ಮನಿಲಾದ ಉತ್ತರಕ್ಕಿರುವ ಬುಲಕಾನ್ ಪ್ರಾಂತದಲ್ಲಿ. ತಂದೆ ಹುಲಿಯಾನ್ ಹಿಲಾರಿಯೊ ಊರಿನ ಮುಖ್ಯಸ್ಥರಾಗಿದ್ದವರು; ಸ್ಪ್ಯಾನಿಷ್ ಆಡಳಿತದಲ್ಲಿ ಸ್ಥಳೀಯನೊಬ್ಬ ಏರಬಹುದಾಗಿದ್ದ ಎತ್ತರ ಹೆಚ್ಚುಕಡಿಮೆ ಅಷ್ಟೇ. ಕುಟುಂಬದ ಮೂಲ ಹೆಸರು ಹಿಲಾರಿಯೊ. 1849ರಲ್ಲಿ ಗವರ್ನರ್ ಜನರಲ್ ಕ್ಲಾವೆರಿಯಾ ದ್ವೀಪವಾಸಿಗಳೆಲ್ಲ ನಿಗದಿತ ಕುಲನಾಮ ಇಟ್ಟುಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ ಮೇಲೆ ಡೆಲ್ ಪಿಲಾರ್ ಎಂಬುದು ಸೇರಿಕೊಂಡಿತು. ಸರ್ಕಾರಿ ಆಜ್ಞೆಯಿಂದ ಬಂದ ಆ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಅವರು ಮುಂದೆ ಪ್ಲಾರಿಡೆಲ್ ಎಂಬ ಗುಪ್ತನಾಮವನ್ನು ಕಟ್ಟಿಕೊಂಡರು.

ಅಂದಿನ ಫಿಲಿಪೀನ್ಸ್‌ನಲ್ಲಿ ಜನರಿಗೆ ಎದುರಾಗುತ್ತಿದ್ದ ಸರ್ಕಾರವೆಂದರೆ ಬಹುಮಟ್ಟಿಗೆ ಊರಿನ ಚರ್ಚಿನ ಸ್ಪ್ಯಾನಿಷ್ ಸನ್ಯಾಸಿ ಪಾದ್ರಿ. ಅಗಸ್ಟೀನಿಯನ್, ಫ್ರಾನ್ಸಿಸ್ಕನ್, ಡೊಮಿನಿಕನ್, ರಿಕಲೆಕ್ಟ್ ಪಂಗಡಗಳಿಗೆ ಸೇರಿದ ಈ ಪಾದ್ರಿಗಳು ಶಾಲೆಯ ಮೇಲ್ವಿಚಾರಣೆ ಮಾಡುತ್ತಿದ್ದರು, ತೆರಿಗೆದಾರರ ಪಟ್ಟಿಗೆ ಒಪ್ಪಿಗೆ ಕೊಡುತ್ತಿದ್ದರು, ಯಾರು ಸಜ್ಜನ ಯಾರು ದ್ರೋಹಿ ಎಂದು ಮೇಲಿನವರಿಗೆ ವರದಿ ಮಾಡುತ್ತಿದ್ದರು. ಅಧಿಕಾರಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರೆ ಪಾದ್ರಿಗಳು ಜೀವನಪೂರ್ತಿ ಅಲ್ಲೇ ಇರುತ್ತಿದ್ದರು. ಸಾಂತೊ ತೊಮಾಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದಾಗಲೇ ಡೆಲ್ ಪಿಲಾರ್ ಅವರು ಬ್ಯಾಪ್ಟಿಸಂ ಶುಲ್ಕ ಅತಿಯಾಯಿತೆಂದು ಪಾದ್ರಿಯೊಬ್ಬರೊಡನೆ ಜಗಳವಾಡಿ ಜೈಲು ಸೇರಿದ್ದರು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1872ರಲ್ಲಿ. ಮನಿಲಾ ಬಳಿಯ ಕವೀಟೆ ಪಟ್ಟಣದ ಶಸ್ತ್ರಾಗಾರದಲ್ಲಿ ನಡೆದ ದಂಗೆಯ ನೆಪದಲ್ಲಿ ಮೂವರು ಸ್ಥಳೀಯ ಪಾದ್ರಿಗಳನ್ನು ಗ್ಯಾರಟ್ ಯಂತ್ರದಲ್ಲಿ ಕತ್ತು ಬಿಗಿದು ಕೊಲ್ಲಲಾಯಿತು. ಇನ್ನೂ ಹಲವರನ್ನು ಮರಿಯಾನಾ ದ್ವೀಪಗಳಿಗೆ ಗಡಿಪಾರು ಮಾಡಲಾಯಿತು. ಗಡಿಪಾರಾದವರಲ್ಲಿ ಡೆಲ್ ಪಿಲಾರ್ ಅವರ ಅಣ್ಣ, ಪಾದ್ರಿ ತೊರಿಬಿಯೊ, ಒಬ್ಬರು.

ಅವರ ಪತ್ರಿಕೋದ್ಯಮ ಶುರುವಾದದ್ದು ಕಾಗದದ ಮೇಲಲ್ಲ. ಕೋಳಿ ಅಂಕದ ಕಳ, ಸಂತೆ, ಊರಹಬ್ಬ, ಸಾವಿನ ಮನೆಯ ಜಾಗರಣೆ, ನಾಮಕರಣದ ಊಟ, ಹೀಗೆ ಜನ ಸೇರುವಲ್ಲೆಲ್ಲ ಅವರು ತಗಾಲೋಗ್ ಭಾಷೆಯಲ್ಲಿ ಮಾತನಾಡುತ್ತಿದ್ದರು. ದುಪ್ಲೊ ಎಂಬ ಸವಾಲು-ಜವಾಬಿನ ಪದ್ಯದಾಟದಲ್ಲಿ ಅವರು ಪಳಗಿದವರು. ಆ ಆಟ ಬಲ್ಲವರಿಗೆ ಎದುರಾಳಿಯ ಮಾತನ್ನೇ ತಿರುಗಿಸಿ ಅವನ ಮೇಲೆ ಎಸೆಯುವ ಕಲೆ ಕರಗತವಾಗಿರಬೇಕಾಗುತ್ತದೆ. 1882ರ ಜೂನ್ 1ರಂದು ಶುರುವಾದ ಡಿಯಾರಿಯೋಂಗ್ ತಗಾಲೋಗ್ ಪತ್ರಿಕೆಯಲ್ಲಿ ಅವರು ತಗಾಲೋಗ್ ವಿಭಾಗವನ್ನು ನೋಡಿಕೊಂಡರು. ಯುರೋಪಿನಿಂದ ಫಿಲಿಪಿನೊ ಲೇಖಕ ಹೊಸೆ ರಿಸಾಲ್ ಕಳಿಸಿದ ದೇಶಪ್ರೇಮದ ಕುರಿತ ಸ್ಪ್ಯಾನಿಷ್ ಪ್ರಬಂಧವನ್ನು ತಗಾಲೋಗಿಗೆ ತಂದು ಪ್ರಕಟಿಸಿದ್ದು ಇಲ್ಲೇ. ಎರಡು ಭಾಷೆಗಳ ಆ ಪತ್ರಿಕೆ ಕೆಲವೇ ತಿಂಗಳು ಬದುಕಿತು. ಅಚ್ಚಾಗುವ ಪ್ರತಿ ಸಾಲೂ 1856ರಿಂದ ಇದ್ದ ಶಾಶ್ವತ ಸೆನ್ಸಾರ್ ಮಂಡಳಿಯ ಕಣ್ಣಿಗೆ ಬಿದ್ದೇ ಹೋಗಬೇಕಾಗಿದ್ದ ಊರಿನಲ್ಲಿ ಅದು ಅಚ್ಚರಿಯ ವಿಷಯವಲ್ಲ.

1887ರಲ್ಲಿ ಗವರ್ನರ್ ಜನರಲ್ ತೆರ್ರೆರೊ ಮತ್ತು ಅವರ ಕೈಕೆಳಗಿನ ಇಬ್ಬರು ಉದಾರವಾದಿ ಅಧಿಕಾರಿಗಳಾದ ಕಿರೋಗಾ, ಸೆಂತೇನೊ ಅವರ ಕಾಲದಲ್ಲಿ ಗಾಳಿ ಸ್ವಲ್ಪ ತಿರುಗಿತು. ಅಂಟುರೋಗ ಹರಡಬಾರದೆಂಬ ಕಾರಣಕ್ಕೆ ಶವಗಳನ್ನು ಚರ್ಚಿನೊಳಗೆ ತಂದಿಡಬಾರದೆಂದು ಕಿರೋಗಾ ಆದೇಶ ಹೊರಡಿಸಿದರು. ಶವಸಂಸ್ಕಾರ ಚರ್ಚಿಗೆ ಆದಾಯದ ಮೂಲವಾದ್ದರಿಂದ ಪಾದ್ರಿಗಳು ಇದನ್ನು ಧಿಕ್ಕರಿಸಿದರು. ಡೆಲ್ ಪಿಲಾರ್ ಅವರ ಕಾರ್ಯಕ್ಷೇತ್ರವಾಗಿದ್ದ ಮಲೋಲೋಸ್‌ನಲ್ಲಿ ಊರ ಮುಖ್ಯಸ್ಥ ಒಂದು ಕಡೆ, ಪಾದ್ರಿ ಇನ್ನೊಂದು ಕಡೆ ಎಂದು ಜಟಾಪಟಿ ನಡೆಯಿತು. ಸರ್ಕಾರದ ಆದೇಶವನ್ನು ಪಾಲಿಸಿ ಎಂದು ಸರ್ಕಾರದ ಪರ ನಿಂತೇ ಪಾದ್ರಿಗಳನ್ನು ಮೂಲೆಗೆ ತಳ್ಳುವ ಈ ತಂತ್ರ ಡೆಲ್ ಪಿಲಾರ್ ಅವರದೇ ಛಾಪು. ವಕೀಲನ ಬುದ್ಧಿ ಅದರಲ್ಲಿ ಕಾಣುತ್ತದೆ. 1888ರ ಮಾರ್ಚ್ 1ರಂದು ಮನಿಲಾದ ಬೀದಿಯಲ್ಲಿ ಮೆರವಣಿಗೆಯಾಗಿ ಹೋಗಿ ಸಲ್ಲಿಸಿದ ಅರ್ಜಿಯ ಹಿಂದಿನ ಕೈಯೂ ಅವರದೇ. ಸ್ಪೇನಿಗೆ ಜಯವಾಗಲಿ, ರಾಣಿಗೆ ಜಯವಾಗಲಿ ಎಂದು ಶುರುವಾಗುತ್ತಿದ್ದ ಅದು ಸನ್ಯಾಸಿ ಪಾದ್ರಿಗಳನ್ನು ದ್ವೀಪಗಳಿಂದ ಹೊರಹಾಕಬೇಕೆಂಬ ಬೇಡಿಕೆಯಲ್ಲಿ ಮುಗಿಯುತ್ತಿತ್ತು. ಸಹಿ ಹಾಕಿದವರು ಸುಮಾರು 800 ಮಂದಿ. ಅವರಲ್ಲಿ ಹಲವರು ಬಂಧನಕ್ಕೊಳಗಾದರು.

ಅದೇ ವರ್ಷ ಹೊರಬಂದ ಅವರ ಕರಪತ್ರಗಳು, ನನ್ನ ಮಟ್ಟಿಗೆ, ಅವರ ಅತ್ಯುತ್ತಮ ಬರಹಗಳು. ರಿಸಾಲ್ ಅವರ ಕಾದಂಬರಿ ನೋಲಿ ಮೆ ತಾಂಗೆರೆಯನ್ನು ಓದುವುದು ಪಾಪವೆಂದು ಸಾರಲು ಅಗಸ್ಟೀನಿಯನ್ ಪಾದ್ರಿ ಹೊಸೆ ರೊಡ್ರಿಗೆಸ್ ಒಂದು ಕಿರುಹೊತ್ತಗೆ ಬರೆದರು. ಅದರ ಹೆಸರು ‘ಕಾಯಿಂಗಾತ್ ಕಯೊ’, ಅಂದರೆ ‘ಎಚ್ಚರವಾಗಿರಿ’. ಡೆಲ್ ಪಿಲಾರ್ ಅವರು ಡೊಲೊರೆಸ್ ಮನಪಾತ್ ಎಂಬ ಹೆಸರಿನಲ್ಲಿ ಬರೆದ ಉತ್ತರಕ್ಕೆ ‘ಕಾಯಿಗಾತ್ ಕಯೊ’ ಎಂದು ಹೆಸರಿಟ್ಟರು. ಇಗಾತ್ ಎಂದರೆ ಹಾವುಮೀನು. ‘ಹಾವುಮೀನಿನ ಹಾಗೆ ಜಾರಿಕೊಳ್ಳಿ’ ಎಂದು ಅರ್ಥ. ಒಂದು ಉಚ್ಚಾರ ಸಡಿಲವಾದದ್ದಷ್ಟೇ, ಪಾದ್ರಿಯ ಎಚ್ಚರಿಕೆ ಪಾದ್ರಿಯಿಂದಲೇ ತಪ್ಪಿಸಿಕೊಳ್ಳುವ ಸಲಹೆಯಾಯಿತು. ‘ದಸಾಲಾನ್ ಅತ್ ತೊಕ್ಸೊಹಾನ್’ ಎಂಬ ಇನ್ನೊಂದು ಹೊತ್ತಗೆ ಇನ್ನೂ ಮುಂದೆ ಹೋಗುತ್ತದೆ. ಪ್ರಾರ್ಥನೆ ಮತ್ತು ಪರಿಹಾಸ ಎಂಬುದು ಹೆಸರಿನ ಅರ್ಥ. ನೋಡಲು ಪ್ರಾರ್ಥನಾ ಪುಸ್ತಕದಂತೆಯೇ ಇದ್ದ ಅದರಲ್ಲಿ ಪ್ರತಿಯೊಬ್ಬ ಕ್ರೈಸ್ತ ಮಗುವಿಗೂ ಬಾಯಿಪಾಠವಾಗಿದ್ದ ಪ್ರಾರ್ಥನೆಗಳ ಲಯವನ್ನು ಹಾಗೆಯೇ ಇಟ್ಟುಕೊಂಡು ಒಳಗಿನ ಮಾತುಗಳನ್ನು ಬದಲಿಸಲಾಗಿತ್ತು. ಪರಲೋಕದಲ್ಲಿರುವ ತಂದೆಯ ಜಾಗದಲ್ಲಿ ಪಾದ್ರಿಮನೆಯಲ್ಲಿರುವ ಚಿಕ್ಕಪ್ಪ ಬಂದ. ಕೃಪಾಪೂರ್ಣೆಯಾದ ಮರಿಯಮ್ಮನ ಜಾಗದಲ್ಲಿ ಚಿಲ್ಲರೆ ಕಾಸು ಬಂದು ಕುಳಿತಿತು.

ಇಲ್ಲಿ ಗಮನಿಸಬೇಕಾದದ್ದು ನಗುವನ್ನಷ್ಟೇ ಅಲ್ಲ, ಹಂಚಿಕೆಯ ಜಾಣ್ಮೆಯನ್ನೂ. ಓದಲು ಬಾರದವನಿಗೂ ಪ್ರಾರ್ಥನೆಯ ಧಾಟಿ ಗೊತ್ತಿತ್ತು. ಒಮ್ಮೆ ಕೇಳಿದರೆ ಅಣಕವೂ ಬಾಯಿಗೆ ಬರುತ್ತಿತ್ತು. ಪ್ರತಿಯನ್ನು ಜಪ್ತಿ ಮಾಡಬಹುದು, ಬಾಯಿಪಾಠವಾದದ್ದನ್ನು ಹೇಗೆ ಜಪ್ತಿ ಮಾಡುವುದು? ವಸಾಹತು ಆಡಳಿತಗಳು ಜನಭಾಷೆಯ ಬರಹಕ್ಕೆ ವಿಶೇಷವಾಗಿ ಅಂಜುತ್ತಿದ್ದುದು ಇದೇ ಕಾರಣಕ್ಕೆ. ಭಾರತದಲ್ಲಿ ಲಿಟ್ಟನ್ 1878ರಲ್ಲಿ ತಂದ ದೇಶಭಾಷಾ ಪತ್ರಿಕಾ ಕಾಯ್ದೆ ಇಂಗ್ಲಿಷ್ ಪತ್ರಿಕೆಗಳನ್ನು ಮುಟ್ಟದೆ ಬಿಟ್ಟದ್ದನ್ನು ನಮ್ಮ ಓದುಗರು ನೆನಪಿಸಿಕೊಳ್ಳಬಹುದು.

ಇಷ್ಟಾದ ಮೇಲೆ ಬಂಧನ ಖಚಿತವಾಗಿತ್ತು. 1888ರ ಅಕ್ಟೋಬರ್ 28ರಂದು ಹೆಂಡತಿ ಮಾರ್ಸಿಯಾನಾ ಅವರನ್ನೂ, ಸೊಫಿಯಾ ಮತ್ತು ಪುಟ್ಟ ಅನಿತಾ ಎಂಬ ಹೆಣ್ಣುಮಕ್ಕಳನ್ನೂ ಬಿಟ್ಟು ಅವರು ಹಡಗು ಹತ್ತಿದರು. 1889ರ ಮೊದಲ ದಿನ ಬಾರ್ಸಿಲೋನಾ ತಲುಪಿದರು. ವಸಾಹತಿನ ವಿಚಿತ್ರ ತರ್ಕ ನಿಚ್ಚಳವಾಗುವುದು ಇಲ್ಲಿ. ಸ್ಪೇನಿನಲ್ಲಿ 1883ರಿಂದ ಉದಾರವಾದ ಪತ್ರಿಕಾ ಕಾನೂನು ಜಾರಿಯಲ್ಲಿತ್ತು; ಪೂರ್ವ ಸೆನ್ಸಾರ್ ಇಲ್ಲದೆ ಪತ್ರಿಕೆ ನಡೆಸಬಹುದಿತ್ತು. ಆದರೆ 1876ರ ಸ್ಪ್ಯಾನಿಷ್ ಸಂವಿಧಾನ ಸಾಗರದಾಚೆಯ ಪ್ರಾಂತಗಳನ್ನು ವಿಶೇಷ ಕಾನೂನುಗಳಿಂದ ಆಳಲಾಗುವುದೆಂದು ಹೇಳಿತ್ತು. ಹೀಗಾಗಿ ಒಂದೇ ದೊರೆತನದ ಅಡಿಯಲ್ಲಿ, ಒಬ್ಬನೇ ಮನುಷ್ಯ ಬರೆದ ಒಂದೇ ವಾಕ್ಯ, ಬಾರ್ಸಿಲೋನಾದಲ್ಲಿ ಹಕ್ಕು, ಮನಿಲಾದಲ್ಲಿ ಅಪರಾಧ. ಡೆಲ್ ಪಿಲಾರ್ ಮತ್ತು ಅವರ ಗೆಳೆಯರು ಸ್ವಾತಂತ್ರ್ಯ ಕೇಳದೆ ಸ್ಪೇನಿನೊಂದಿಗೆ ಸಮಾನ ಪ್ರಾಂತವಾಗಿ ಸೇರಿಸಿಕೊಳ್ಳಿ ಎಂದು ಏಕೆ ಕೇಳಿದರೆಂದು ಇಂದಿನ ಓದುಗರು ಹುಬ್ಬೇರಿಸುವುದುಂಟು. ಈ ಕಾನೂನಿನ ಬಿರುಕನ್ನು ನೋಡಿದರೆ ಅದರ ತರ್ಕ ಅರ್ಥವಾಗುತ್ತದೆ. ಫಿಲಿಪೀನ್ಸ್ ನಿಜವಾಗಿ ಸ್ಪೇನಿನ ಪ್ರಾಂತವಾದರೆ ಸ್ಪೇನಿನ ಸಂವಿಧಾನ, ಪತ್ರಿಕಾ ಹಕ್ಕು, ಸಂಸತ್ತಿನ ಸ್ಥಾನ ಎಲ್ಲವೂ ತಾವಾಗಿಯೇ ಬರಬೇಕು; ಬಂದರೆ ಪಾದ್ರಿಯ ಅಧಿಕಾರಕ್ಕೆ ಆಧಾರವೇ ಉಳಿಯುವುದಿಲ್ಲ. ಕ್ಯೂಬಾ ಮತ್ತು ಪೋರ್ಟೊ ರಿಕೊಗಳಿಗೆ ಸ್ಪ್ಯಾನಿಷ್ ಸಂಸತ್ತಿನಲ್ಲಿ ಪ್ರತಿನಿಧಿಗಳಿದ್ದರು. ಫಿಲಿಪೀನ್ಸ್‌ಗೂ ಹಿಂದೆ ಮೂರು ಅವಧಿಗಳಲ್ಲಿ ಇದ್ದ ಪ್ರಾತಿನಿಧ್ಯವನ್ನು 1837ರಲ್ಲಿ ಕಸಿದುಕೊಳ್ಳಲಾಗಿತ್ತು.

ಈ ವಾದಕ್ಕೆ ವೇದಿಕೆಯಾದದ್ದು ಲಾ ಸೊಲಿಡಾರಿಡಾಡ್. 1889ರ ಫೆಬ್ರವರಿ 15ರಂದು ಬಾರ್ಸಿಲೋನಾದಲ್ಲಿ ಗ್ರಾಸಿಯಾನೊ ಲೋಪೆಸ್ ಹಾಯೆನಾ ಅವರ ಸಂಪಾದಕತ್ವದಲ್ಲಿ ಶುರುವಾದ ಈ ಪಾಕ್ಷಿಕ ಅದೇ ವರ್ಷದ ಡಿಸೆಂಬರ್ ಹೊತ್ತಿಗೆ ಡೆಲ್ ಪಿಲಾರ್ ಅವರ ಕೈಗೆ ಬಂದು ಮ್ಯಾಡ್ರಿಡ್‌ಗೆ ಸ್ಥಳಾಂತರವಾಗಿತ್ತು. ಹಾಯೆನಾ ಮಾತಿನ ಮಲ್ಲ, ಆದರೆ ಗಡುವು ಪಾಲಿಸುವ ಜಾಯಮಾನದವರಲ್ಲ. ಡೆಲ್ ಪಿಲಾರ್ ಅವರು ಕುರ್ಚಿಗೆ ಅಂಟಿಕೊಂಡು ಕೂತು ಪತ್ರಿಕೆ ನಡೆಸುವವರು. ರಿಸಾಲ್, ಮರಿಯಾನೊ ಪೊನ್ಸೆ, ಅಂತೋನಿಯೊ ಲೂನಾ, ಆಸ್ಟ್ರಿಯಾದ ವಿದ್ವಾಂಸ ಬ್ಲೂಮೆಂಟ್ರಿಟ್ ಮೊದಲಾದವರು ಬರೆದರು. ಪ್ರತಿಭೆ ಸಾಕಷ್ಟಿತ್ತು. ಆದರೆ ಪತ್ರಿಕೆಯ ಭಾಷೆ ಸ್ಪ್ಯಾನಿಷ್. ಮಂತ್ರಿಗಳನ್ನೂ ಸಂಸದರನ್ನೂ ತಲುಪಬೇಕಾದರೆ ಅದು ಅನಿವಾರ್ಯವಾಗಿತ್ತು. ಅದೇ ಅನಿವಾರ್ಯತೆ ಕೋಳಿ ಅಂಕದಲ್ಲಿ ಅವರ ಮಾತಿಗೆ ಕಿವಿಗೊಡುತ್ತಿದ್ದ ಜನರನ್ನು ಹೊರಗಿಟ್ಟಿತು, ಏಕೆಂದರೆ ದ್ವೀಪಗಳಲ್ಲಿ ಸ್ಪ್ಯಾನಿಷ್ ಬಲ್ಲವರು ಬೆರಳೆಣಿಕೆಯ ಮೇಲ್ವರ್ಗದವರು. ಇದು ಡೆಲ್ ಪಿಲಾರ್ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಸ್ಪ್ಯಾನಿಷ್ ಕಲಿಯಲು ರಾತ್ರಿಶಾಲೆ ಬೇಕೆಂದು ಮಲೋಲೋಸ್‌ನ 20 ಯುವತಿಯರು 1888ರ ಡಿಸೆಂಬರ್ 12ರಂದು ಹೊಸ ಗವರ್ನರ್ ಜನರಲ್ ವೆಯ್ಲರ್ ಅವರಿಗೆ ಅರ್ಜಿ ಕೊಟ್ಟಾಗ, ಡೆಲ್ ಪಿಲಾರ್ ಅವರು ಲಂಡನ್ನಿನಲ್ಲಿದ್ದ ರಿಸಾಲ್ ಅವರಿಗೆ ಪತ್ರ ಬರೆದು, ಆ ಹೆಣ್ಣುಮಕ್ಕಳಿಗೆ ತಗಾಲೋಗ್‌ನಲ್ಲೇ ಒಂದು ಓಲೆ ಬರೆಯಿರಿ ಎಂದು ಕೇಳಿಕೊಂಡಿದ್ದರು.

ಹಂಚಿಕೆಯ ಕಥೆ ಇನ್ನೂ ಕಷ್ಟದ್ದು. ಪತ್ರಿಕೆ ದ್ವೀಪಗಳಿಗೆ ಗುಟ್ಟಾಗಿಯೇ ಬರಬೇಕಿತ್ತು. ಮನೆಯಲ್ಲಿ ಸಿಕ್ಕಿದ ಕಾಗದವೊಂದು ಎಷ್ಟು ದುಬಾರಿಯಾಗಬಹುದಿತ್ತೆಂಬುದಕ್ಕೆ 1892ರ ಜುಲೈ ಸಾಕ್ಷಿ. ಮನಿಲಾಕ್ಕೆ ಮರಳಿದ ರಿಸಾಲ್ ಅವರನ್ನು, ಜೊತೆಗೆ ಬಂದ ಅಕ್ಕನ ಸಾಮಾನಿನಲ್ಲಿ ಪಾದ್ರಿಗಳ ವಿರುದ್ಧದ ಕರಪತ್ರ ಸಿಕ್ಕಿತೆಂಬ ಕಾರಣ ಕೊಟ್ಟು ದೂರದ ದಪಿತಾನ್‌ಗೆ ಗಡಿಪಾರು ಮಾಡಲಾಯಿತು. ಇಂಥ ವಾತಾವರಣದಲ್ಲಿ ಚಂದಾದಾರ ಸಿಗುವುದು ಹೇಗೆ? ಹಣ ಬರುತ್ತಿದ್ದುದು ಮನಿಲಾದ ಪ್ರಚಾರ ಸಮಿತಿಯಿಂದ. ಡೆಲ್ ಪಿಲಾರ್ ಅವರ ಭಾವ ಡಿಯೊಡಾತೊ ಅರೆಲ್ಲಾನೊ ಅದರ ಮುಖ್ಯ ಕೊಂಡಿ. ಸಮಿತಿ ಕುಸಿದ ಮೇಲೆ ಅಪೊಲಿನಾರಿಯೊ ಮಬಿನಿ ಮೊದಲಾದವರು ಸೇರಿ ಪತ್ರಿಕೆಗೆ ಇನ್ನೊಂದಿಷ್ಟು ದಿನ ಉಸಿರು ಕೊಟ್ಟರು. ಇತ್ತ ಮ್ಯಾಡ್ರಿಡ್‌ನಲ್ಲಿ 1891ರಿಂದ ಎದುರಾಳಿ ಬಣವೂ ತನ್ನದೇ ಪತ್ರಿಕೆ ಹೊರತಂದು ಸುಧಾರಕರ ಪ್ರತಿ ಮಾತಿಗೂ ಪ್ರತಿಮಾತು ಅಚ್ಚು ಹಾಕುತ್ತಿತ್ತು.

ರಿಸಾಲ್ ಮತ್ತು ಡೆಲ್ ಪಿಲಾರ್ ನಡುವಿನ ಮನಸ್ತಾಪವನ್ನು ವ್ಯಕ್ತಿಗಳ ಜಗಳವೆಂದು ಬರೆಯುವುದೇ ಹೆಚ್ಚು. 1891ರ ಆರಂಭದಲ್ಲಿ ಮ್ಯಾಡ್ರಿಡ್‌ನ ಫಿಲಿಪಿನೊಗಳು ನಾಯಕನನ್ನು ಆರಿಸಲು ಮತ ಹಾಕಿದರು. ಮತ್ತೆ ಮತ್ತೆ ಮತದಾನವಾದ ಮೇಲೆ ರಿಸಾಲ್ ಗೆದ್ದರು, ಆದರೆ ಬೇಸತ್ತು ಸ್ಥಾನ ಬಿಟ್ಟು ಹೊರಟರು, ಪತ್ರಿಕೆಗೆ ಬರೆಯುವುದನ್ನೂ ನಿಲ್ಲಿಸಿದರು. ಅಹಂಕಾರಗಳು ಇದ್ದೇ ಇದ್ದವು. ಅದರ ಕೆಳಗೆ ಇದ್ದ ಪ್ರಶ್ನೆ ಮಾತ್ರ ನಾವು ಯಾರಿಗಾಗಿ ಬರೆಯುತ್ತಿದ್ದೇವೆ ಎಂಬುದು. ಸ್ಪೇನಿನವರನ್ನು ಒಪ್ಪಿಸುವ ಕಾಲ ಮುಗಿಯಿತು, ಕೆಲಸವಿರುವುದು ತಾಯ್ನೆಲದಲ್ಲಿ ಎಂದು ರಿಸಾಲ್ ನಂಬಿದ್ದರು. ಮ್ಯಾಡ್ರಿಡ್‌ನ ಬಾಗಿಲು ತಟ್ಟುವುದನ್ನು ಬಿಡಬಾರದೆಂದು ಡೆಲ್ ಪಿಲಾರ್ ಹಟ ಹಿಡಿದರು. ಇಂದು ಹಿಂದಿರುಗಿ ನೋಡಿದರೆ ರಿಸಾಲ್ ಹೇಳಿದ್ದೇ ಸರಿಯೆನಿಸುತ್ತದೆ. ಆದರೆ ತಾಯ್ನೆಲಕ್ಕೆ ಮರಳಿದ ಕೆಲವೇ ದಿನಗಳಲ್ಲಿ ಅವರಿಗೆ ಏನಾಯಿತೆಂಬುದನ್ನು ಈಗಾಗಲೇ ಹೇಳಿದ್ದೇನೆ.

ಮ್ಯಾಡ್ರಿಡ್‌ನ ಕೊನೆಯ ವರ್ಷಗಳು ಕಡುಬಡತನದಲ್ಲಿ ಕಳೆದವು. ಊಟ ತಪ್ಪುತ್ತಿತ್ತು; ಬೀದಿಯಲ್ಲಿ ಬಿದ್ದ ಸಿಗರೇಟಿನ ತುಂಡುಗಳನ್ನು ಆಯ್ದು ಸೇದುವಷ್ಟು ಕೈ ಖಾಲಿಯಾಗಿತ್ತೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಹೆಂಡತಿಗೆ ಬರೆದ ಕಾಗದವೊಂದರಲ್ಲಿ ಅವರು ಒಂದು ಕನಸನ್ನು ಹೇಳಿಕೊಂಡಿದ್ದಾರೆ: ಅನಿತಾ ತೊಡೆಯ ಮೇಲಿದ್ದಾಳೆ, ಸೊಫಿಯಾ ಪಕ್ಕದಲ್ಲಿದ್ದಾಳೆ, ಇಬ್ಬರೂ ಮ್ಯಾಡ್ರಿಡ್‌ಗೆ ಹೋಗಬೇಡ ಎನ್ನುತ್ತಿದ್ದಾರೆ, ಎಚ್ಚರವಾದಾಗ ಕಣ್ಣೆಲ್ಲ ನೀರು. ಏಳು ಮಕ್ಕಳಲ್ಲಿ ಉಳಿದವರು ಆ ಇಬ್ಬರೇ. 1895ರ ನವೆಂಬರ್ 15ರಂದು ಲಾ ಸೊಲಿಡಾರಿಡಾಡ್‌ನ ಕೊನೆಯ ಸಂಚಿಕೆ ಬಂತು. ಫಿಲಿಪೀನ್ಸ್‌ನಲ್ಲಿ ಪತ್ರಿಕೆ ಓಡಾಡದಂತೆ ಒಡ್ಡಿದ ಅಡ್ಡಿಗಳ ಕಾರಣ ಪ್ರಕಟಣೆಯನ್ನು ಸದ್ಯಕ್ಕೆ ನಿಲ್ಲಿಸುತ್ತಿರುವುದಾಗಿ ಸಂಪಾದಕರು ತಿಳಿಸಿದ್ದರು. ಮ್ಯಾಡ್ರಿಡ್‌ನ ಯಾವ ನ್ಯಾಯಾಲಯವೂ ಪತ್ರಿಕೆಯನ್ನು ಮುಚ್ಚಿಸಲಿಲ್ಲ, ಯಾವ ಪೊಲೀಸನೂ ಮುದ್ರಣಾಲಯಕ್ಕೆ ಬೀಗ ಹಾಕಲಿಲ್ಲ. ಓದುಗರಿಗೆ ಹೋಗುವ ದಾರಿಯನ್ನು ಮುಚ್ಚಿದ್ದಷ್ಟೇ ಸಾಕಾಯಿತು.

ಇಂದಿನ ಫಿಲಿಪೀನ್ಸ್‌ನಲ್ಲಿ ಆ ಎರಡು ಊರುಗಳ ಅಂತರವಿಲ್ಲ. 1987ರ ಸಂವಿಧಾನ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಓದುಗರಿರುವ ನೆಲದಲ್ಲೇ ಕೊಟ್ಟಿದೆ. ಹಾಗಿದ್ದೂ ಹಳೆಯ ಸಲಕರಣೆಗಳು ಬೇರೆ ರೂಪದಲ್ಲಿ ಉಳಿದಿವೆ. ಸ್ಪೇನಿನ ನಂತರ ಬಂದ ಅಮೆರಿಕನ್ನರು ಸೆನ್ಸಾರ್ ಮಂಡಳಿಯ ಜಾಗದಲ್ಲಿ 1901ರ ಮಾನಹಾನಿ ಕಾನೂನನ್ನು ತಂದರು; ಅಮೆರಿಕನ್ ಅಧಿಕಾರಿ ಡೀನ್ ವೂಸ್ಟರ್ ಅವರನ್ನು ಬೇಟೆಹಕ್ಕಿಗೆ ಹೋಲಿಸಿದ 1908ರ ಒಂದು ಸಂಪಾದಕೀಯಕ್ಕಾಗಿ ಎಲ್ ರೆನಸಿಮಿಯೆಂತೊ ಪತ್ರಿಕೆ ಮೊಕದ್ದಮೆಗಳ ಭಾರಕ್ಕೆ ಕುಸಿಯಿತು. ಮಾನಹಾನಿಯನ್ನು ಕ್ರಿಮಿನಲ್ ಅಪರಾಧವೆಂದೇ ಇಟ್ಟುಕೊಂಡ 1930ರ ದಂಡಸಂಹಿತೆ ಇಂದಿಗೂ ಇದೆ, 2012ರ ಸೈಬರ್ ಅಪರಾಧ ಕಾಯ್ದೆ ಅದರ ಶಿಕ್ಷೆಯನ್ನು ಇನ್ನೊಂದು ಮೆಟ್ಟಿಲು ಏರಿಸಿದೆ. ರೆಸ್ಸಾ ಪ್ರಕರಣದ ಲೇಖನ ಆ ಕಾಯ್ದೆಗಿಂತ ಮೊದಲೇ ಪ್ರಕಟವಾದದ್ದು. 2014ರಲ್ಲಿ ಅದರಲ್ಲಿದ್ದ ಒಂದು ಕಾಗುಣಿತದ ತಪ್ಪನ್ನು, ಒಂದೇ ಒಂದು ಅಕ್ಷರವನ್ನು, ತಿದ್ದಿದ್ದನ್ನು ಮರುಪ್ರಕಟಣೆಯೆಂದು ಪರಿಗಣಿಸಿ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. ಅಕ್ಷರದ ಆಟವಾಡಿ ಪಾದ್ರಿಯನ್ನು ಜಾರಿಸಿದ್ದ ಡೊಲೊರೆಸ್ ಮನಪಾತ್ ಇದಕ್ಕೆ ಏನೆನ್ನುತ್ತಿದ್ದರೋ.

ಇನ್ನೊಂದು ಸಲಕರಣೆ ಹಣೆಪಟ್ಟಿ. ಸ್ಪ್ಯಾನಿಷ್ ಕಾಲದಲ್ಲಿ ಸುಧಾರಣೆ ಕೇಳಿದವನನ್ನು ‘ಫಿಲಿಬುಸ್ತೆರೊ’ ಎಂದು, ಅಂದರೆ ರಾಜ್ಯ ಒಡೆಯುವವನೆಂದು ಕರೆದರೆ ಸಾಕು, ಗಡಿಪಾರಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಈಗ ಪತ್ರಕರ್ತರನ್ನೂ ಕಾರ್ಯಕರ್ತರನ್ನೂ ಕಮ್ಯುನಿಸ್ಟ್ ಬಂಡುಕೋರರ ಕಡೆಯವರೆಂದು ಗುರುತಿಸುವ ಪರಿಪಾಠಕ್ಕೆ ಅಲ್ಲಿ ‘ರೆಡ್ ಟ್ಯಾಗಿಂಗ್’ ಎನ್ನುತ್ತಾರೆ. ಹೀಗೆ ಹೆಸರಿಸುವುದೇ ವ್ಯಕ್ತಿಯ ಜೀವ, ಸ್ವಾತಂತ್ರ್ಯ ಮತ್ತು ಭದ್ರತೆಗೆ ಬೆದರಿಕೆ ಎಂದು ದೇಶದ ಸುಪ್ರೀಂ ಕೋರ್ಟ್ ನೀಡಿದ ತೀರ್ಪು 2024ರ ಮೇ ತಿಂಗಳಲ್ಲಿ ಹೊರಬಂದಿತು. ಫಿಲಿಬುಸ್ತೆರೊ ಎಂದು ಕರೆಸಿಕೊಂಡವರಿಗೆ ಹೋಗಿ ದೂರು ಕೊಡಲು ಅಂಥದೊಂದು ಕೋರ್ಟ್ ಇರಲಿಲ್ಲ. ಅಷ್ಟರ ಮಟ್ಟಿಗೆ ಕಾಲ ಮುಂದೆ ಬಂದಿದೆ.

ಡೆಲ್ ಪಿಲಾರ್ ಅವರ ಹೆಸರಿಗೆ ಕೊನೆಯ ದಿನಗಳಲ್ಲಿ ಇನ್ನೊಂದು ಉಪಯೋಗವೂ ಒದಗಿತು. ರಿಸಾಲ್ ಗಡಿಪಾರಾದ ಬೆನ್ನಲ್ಲೇ ಮನಿಲಾದಲ್ಲಿ, ಭಾವ ಅರೆಲ್ಲಾನೊ ಅವರ ಮನೆಯಲ್ಲಿ, ಆಂದ್ರೆಸ್ ಬೊನಿಫಾಸಿಯೊ ಮತ್ತಿತರರು ಕಾತಿಪುನಾನ್ ಎಂಬ ಗುಪ್ತ ಕ್ರಾಂತಿ ಸಂಘಟನೆಯನ್ನು ಕಟ್ಟಿದ್ದರು. 1896ರ ಆರಂಭದಲ್ಲಿ ಅದು ಕಲಯಾನ್, ಅಂದರೆ ಸ್ವಾತಂತ್ರ್ಯ, ಎಂಬ ಪತ್ರಿಕೆಯನ್ನು ಕದ್ದುಮುಚ್ಚಿ ಅಚ್ಚು ಹಾಕಿತು. ಬರೆದು ಸಂಪಾದಿಸಿದವರು ಎಮಿಲಿಯೊ ಹಸಿಂತೊ, ಅಚ್ಚಾದದ್ದು ಮನಿಲಾದಲ್ಲಿ, ಭಾಷೆ ತಗಾಲೋಗ್. ಪೊಲೀಸರ ದಾರಿ ತಪ್ಪಿಸಲು ಮುಖಪುಟದಲ್ಲಿ ಮಾತ್ರ ಸ್ಥಳ ಯೊಕೊಹಾಮಾ ಎಂದೂ ಸಂಪಾದಕ ಮಾರ್ಸೆಲೊ ಎಚ್. ಡೆಲ್ ಪಿಲಾರ್ ಎಂದೂ ಹಾಕಿದರು. ಕೋಳಿ ಅಂಕದ ಜನರ ಕೈಗೆ ಅವರದೇ ಭಾಷೆಯಲ್ಲಿ ಹೋದ ಆ ಪತ್ರಿಕೆಯಲ್ಲಿ ಡೆಲ್ ಪಿಲಾರ್ ಬರೆದ ಒಂದು ಸಾಲೂ ಇರಲಿಲ್ಲ. ಅದೇ ವರ್ಷದ ಜುಲೈ 4ರಂದು, ಊರಿಗೆ ಹೊರಡುವ ಯೋಚನೆಯಲ್ಲಿದ್ದ ಅವರು ಬಾರ್ಸಿಲೋನಾದ ಆಸ್ಪತ್ರೆಯಲ್ಲಿ ಕ್ಷಯದಿಂದ ತೀರಿಕೊಂಡರು. ಆಗಸ್ಟ್ ಕೊನೆಯಲ್ಲಿ ಮನಿಲಾದ ಹೊರವಲಯದಲ್ಲಿ ಕ್ರಾಂತಿ ಸಿಡಿಯಿತು. ಅವರ ಅಸ್ಥಿ ಊರಿನ ದಾರಿ ಹಿಡಿದು ಮನಿಲಾ ತಲುಪಿದ್ದು 1920ರ ಡಿಸೆಂಬರ್‌ನಲ್ಲಿ.